ಬದಲಿ ಸಾಮಾನು

ಪುಣೆದಾಂವ ಮೊದಲ ಗಾಡಿ ಬುಡಕ ಬಗ್ಗಿದಾ,
ಆಮ್ಯಾಲೆ ಚಾ ಕುಡದಾ, ಆಮ್ಯಾಲೆ ವಹಿ ತಗದಾ:
"ಇದರಾಗ ಒರಿಜಿನಲ್ ಎಷ್ಟೈತಿ, ಮಿಸ್ತ್ರಿ?"

ಐವತ್ತೆಂಟರ ಪ್ಲೈಮೌತ್.
ಅನಮೋಡ ಘಾಟ ಹತ್ತಿ ಬಂದದ್ದು,
ಮಿನೇಜಿಸ್ ಡಾಕ್ಟರಿಗೆ ಗೋವಾದ ಮಾವ ಕೊಟ್ಟದ್ದು.
ಹಿಂದ ಎರಡು ರೆಕ್ಕಿ. ಉದ್ದ ಅಂದ್ರ ಉದ್ದ.
ಕ್ಯಾಂಪಿನ್ಯಾಗ ಅವರ ಮನಿ ಗೇಟು ಮುಚ್ಚಾಕ ಬರ್ತಿದ್ದಿಲ್ಲ,
ಬಾಲಾ ರಸ್ತೆದಾಗ ಉಳೀತಿತ್ತು
ಕುರಿ ಗೂಡಿನ್ಯಾಗ ಎಮ್ಮಿ ಕಟ್ಟಿಧಂಗ.

ಲೀಟರಿಗೆ ನಾಕು ಕಿಲೋಮೀಟರ್.
ಎಂಬತ್ತೆರಡರಾಗ ಡಾಕ್ಟರ್ ಕೈ ಮುಗದ್ರು:
"ಪೇಶಂಟ್ ಕೊಟ್ಟದ್ದೆಲ್ಲಾ ಇದ ಕುಡೀತೈತೋ ಮೀರಾಸಾಬ."

ಕಾಕತಿ ಇಳಕಲದಾಗ ಪಲ್ಟಿ ಹೊಡದ ಮೆಟಾಡೋರಿನ
ಡೀಸೆಲ್ ಇಂಜಿನ್ನು
ಬೇವಿನ ಟೊಂಗಿಗೆ ಸರಪಳಿ ಹಾಕಿ ಇಳಿಸಿದ್ವಿ.
ಆರು ಸಿಲಿಂಡರ್ ಇದ್ದ ಜಾಗಾದಾಗ ನಾಕು,
ಅಪ್ಪನ ಅಂಗಿ ಮಗಾ ಹಾಕ್ಕೊಂಡಂಗ.
ಗೇರ್‌ಬಾಕ್ಸ್ ಇಂಚಿಂದು, ಇಂಜಿನ್ನು ಮಿಲಿಮೀಟರಿಂದು,
ಒಂದಕ್ಕೊಂದು ಮಾತಿಲ್ಲ.
ಉದ್ಯಮಬಾಗದಾಗ ನನ್ನ ಲೇಥಿನ ಮ್ಯಾಲೆ
ಹದಿನೆಂಟು ಎಂ.ಎಂ. ದಪ್ಪಂದೊಂದು ತಾಟು ಕಡದೆ,
ಈ ಮಖಕ್ಕ ಇಂಚಿನ ತೂತು, ಆ ಮಖಕ್ಕ ಮಿಲಿಮೀಟರಿಂದು.
ಎರಡು ಕೆಟ್ಟುವು.
ಮೂರನೇದರ ಮ್ಯಾಲೆ ಮೀರಾಸಾಬ ಬಟ್ಟು ಆಡಿಸಿದಾ,
ಏನೂ ಅನ್ನಲಿಲ್ಲ.
ಅಂವ ಏನೂ ಅನ್ನಲಿಲ್ಲಂದ್ರ ಅದ ಶಾಭಾಸಕಿ.

ಸ್ಟೇರಿಂಗ್ ಎಡಕ್ಕಿತ್ತು, ಬಲಕ್ಕ ತಂದ್ವಿ.
ಬಾಕ್ಸು ಜೀಪಿಂದು, ರಾಡು ಅಂಬಾಸಿಡರಿಂದು.
ಎಡಕ್ಕ ಉಳದ ತೂತಿಗೆ
ಡಾಲ್ಡಾ ಡಬ್ಬಿ ತಗಡು ಕತ್ತರಿಸಿ ರಿವೀಟು ಹೊಡದೆ.
ಅದರ ಮ್ಯಾಲಿನ ಗಿಡ ಇನ್ನೂ ಹಸರ ಐತಿ, ನೋಡ್ರಿ.

ಡಾಕ್ಟರ್ ಮಾತ್ರ
ಆರು ವರ್ಷ ಎಡಗಡೆ ಬಾಗಿಲಾನ ತಗೀತಿದ್ರು.
ಕುಂಡ್ರತಿದ್ರು. ಎರಡೂ ಕೈ ಮುಂದ ಚಾಚತಿದ್ರು.
ಗಾಳಿ.
ಒಂದೀಟು ಹಂಗ ಕುಂತು, ಇಳದು,
ಬಾನೆಟ್ಟಿಗೆ ಒಂದು ಬಡದು, ಆಕಡೆ ಹೋಗತಿದ್ರು.
ಇದನ್ನ ಯಾವ ಕಾಲಮ್ಮಿನ್ಯಾಗ ಬರೀತೀರಿ, ಸಾಹೇಬ್ರ?

ಅಂವ ಬರೀಲಿಲ್ಲ. ಹಳೇ ಸಾಮಾನು ಎಲ್ಲೈತಿ ಅಂದಾ.
ನಡೀರಿ ಅಂದೆ.

ಶಹಾಪುರದ ನಾವಿ ಅಂಗಡ್ಯಾಗ ಮುಂದಿನ ಸೀಟು,
ಅದರ ಮ್ಯಾಲೆ ಮೂರು ಮಂದಿ, ಮೂರೂ ಮಂದಿಗೆ ಗಡ್ಡ.
"ಕಟಿಂಗ್ ಮಾಡ್ಸೋದಿದ್ರ ಕುಂಡ್ರಿ" ಅಂದಾ ನೇಸರಕರ.
ಒಂದು ಚಕ್ರದ ಮುಚ್ಚಳ ನನ್ನ ಕಡೆನ ಐತಿ,
ಸೀಮೆಎಣ್ಣ್ಯಾಗ ನಟ್ಟು ನೆನೆಹಾಕಾಕ.
ಒಂದು ಕೆಂಪು ಲೈಟಿನ ಕಾಚು ಯಾರೋ ಹುಡುಗ ಒಯ್ದಾ,
ಅದರಾಗಿಂದ ಸೂರ್ಯಾನ್ನ ನೋಡ್ಬೇಕಿತ್ತಂತ.

ಇಂಜಿನ್ನು ಸುಳೇಭಾವ್ಯಾಗ,
ಬಾಳವ್ವ ಹುದಲಿ ಅವರ ಹಿಟ್ಟಿನ ಗಿರಣ್ಯಾಗ.
ಕರೆಂಟ್ ಹೋಗಿತ್ತು, ನಮ್ಮ ನಸೀಬ.
ಬಾಗಿಲದಾಗ ನಿಂತಾಗನ ಕೇಳಿಸ್ತು:
ಆರೂ ಸಿಲಿಂಡರು, ಒಂದೂ ತಪ್ಪದ,
ಜ್ವಾಳದ ಮ್ಯಾಲೆ ಹಗೂರ್ಕ ಹೆಜ್ಜಿ ಇಟ್ಟಂಗ.
ಸಾಹೇಬನ ಕಣ್ಣರೆಪ್ಪಿ ತುಂಬ ಹಿಟ್ಟು.
ವಹಿ ಬಗಲಾಗ, ಬಾಯಿ ತೆರದೈತಿ.

"ಎಷ್ಟಕ್ಕ ಕೊಡ್ತಿ, ಅಕ್ಕಾ?"
"ಒಯ್ಯೋ ಮಾರಾಯಾ" ಅಂದ್ಲು ಬಾಳವ್ವ,
ಬುಟ್ಟಿ ಸುರುವೂದು ಬಿಡದ.
"ಇದರ ಬದಲಿ ಒಂದು ಕುಂಡ್ರಿಸಿ ಒಯ್ಯಿ.
ಈ ಕಲ್ಲಿಗೆ ಕೂಡೂ ತಾಟು ಯಾರ ಕಡೀತಾರ?"

ಇಬ್ರೂ ನನ್ನ ಮಖಾ ನೋಡಿದ್ರು.

ಕನ್ನಡಕ ಏರಿಸಿ ಬಗ್ಗಿದೆ, ಕ್ಯಾಲಿಪರ್ ಹಿಡದೆ.
ಇಂಚಿಗೆ ಬರವಲ್ದು, ಮಿಲಿಮೀಟರಿಗೂ ಬರವಲ್ದು.
ಮೀರಾಸಾಬ ಇಲ್ಲಿ ಬಟ್ಟಿನ್ಯಾಗ ಅಳದಿದ್ದಾ.
ಅಂವ ಹೋಗಿ ಹನ್ನೊಂದು ವರ್ಷ ಆತು.

"ಟೈಮ್ ಹಿಡೀತೈತ್ರಿ" ಅಂದೆ.
ಅಷ್ಟರಾಗ ಕರೆಂಟ್ ಬಂತು, ಬಲ್ಬು ಹತ್ತಿತು.
ಬಾಳವ್ವ ಇಂಜಿನ್ ಬಂದ್ ಮಾಡಲಿಲ್ಲ.
ಆ ಬುಟ್ಟಿ ಮುಗೀಲಿ ಅಂದ್ಲು.