ಕೆಮ್ಮು, ನಾನುಲಿ

ಕುತಾಯಿಸಿಯ ಬೇಕರಿಯಲ್ಲಿ ಮೂವತ್ತು ವರ್ಷ
ಬಾವಿಯಂಥ ಮಣ್ಣೊಲೆಯೊಳಕ್ಕೆ ಸೊಂಟದವರೆಗೆ ಬಾಗಿ
ರೊಟ್ಟಿ ಬಡಿದವಳು ನಾನುಲಿ.

ಮೊದಲೆಲ್ಲ ಸೀನಿದರೆ ಸೋರುತ್ತಿತ್ತು.
ಆಮೇಲೆ, ಕೋಳಿಮೊಟ್ಟೆಯಷ್ಟು ಏನೋ
ತೊಡೆಗಳ ನಡುವೆ ಇಳಿದುಬಂದ ವರ್ಷ
ಸೋರುವುದು ನಿಂತೇಹೋಯಿತು.
ಅಷ್ಟಾದರೂ ಆಯಿತಲ್ಲ ಎಂದು
ಸಂತ ನಿನೋಗೆ ಮೇಣದಬತ್ತಿ ಹಚ್ಚಿದ್ದಳು.

"ವಾಸಿಯಾದದ್ದಲ್ಲ ಅದು."
ಡಾಕ್ಟರ್ ಏತೇರಿ ರಬ್ಬರು ಕೊಳವೆ ಮಡಚಿ ತೋರಿಸಿದಳು.
"ಜಾರಿದ ಗರ್ಭಕೋಶ ಮೂತ್ರದ ದಾರಿಯನ್ನು
ಹೀಗೆ ಮಡಚಿ ಕೂತಿದೆ.
ಬರೀ ಅದನ್ನೆತ್ತಿ ಹೊಲಿದರೆ
ಇದು ಬಿಚ್ಚಿಕೊಂಡೀತು.
ಕತ್ತರಿಗೆ ಮೊದಲು ನೋಡಿಬಿಡೋಣ."

ಮೂತ್ರಕೋಶ ತುಂಬಿಸಿ,
ಜಾರಿದ್ದನ್ನು ಬೆರಳಲ್ಲಿ ಎತ್ತಿಹಿಡಿದು
"ಕೆಮ್ಮು."

ಕೆಮ್ಮಿದಳು.
ಹಾಸಿದ ಬಟ್ಟೆಯ ಮೇಲೆ ಬೆಚ್ಚಗೆ ಹರಡಿತು
ಏಳು ವರ್ಷದ ಹಿಂದಿನ ಗುಟ್ಟು.

ನಾಚಿಕೆಗಿಂತ ಮೊದಲು ನಗು ಬಂತು:
"ಇಲ್ಲೇ ಇದ್ದೀಯಾ, ಕಳ್ಳಿ!"