ಒದ್ದೆ ಬಟ್ಟೆಯ ಲೆಕ್ಕ

ದೇವಸೂಗೂರಿನ ಶಾಲೆಯ ಹಿಂಗೋಡೆಗೆ, ಬೇವಿನ ನೆರಳಲ್ಲಿ
ಎರಡು ಥರ್ಮಾಮೀಟರು ತೂಗುಹಾಕಿದ್ದೇನೆ.
ಒಂದರ ಬುಡ ಒಣ. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ,
ಬಟ್ಟೆಯ ಬಾಲ ಮಾತ್ರೆ ಡಬ್ಬಿಯ ನೀರಿನಲ್ಲಿ.
ಏಪ್ರಿಲ್, ಮಧ್ಯಾಹ್ನ ಮೂರು:
ಒಣದು ನಲವತ್ಮೂರು, ಒದ್ದೆಯದು ಇಪ್ಪತ್ತಾರು.
ನಡುವೆ ಉಳಿದ ಹದಿನೇಳಿದೆಯಲ್ಲ,
ನಾವು ಬದುಕಿರುವುದು ಅಲ್ಲಿ,
ಬೆವರು ಆರುವಷ್ಟು ಜಾಗದಲ್ಲಿ.

ಸಂಸ್ಥೆಯವರು ಕಳಿಸಿದ ಬತ್ತಿ ನಾಲ್ಕು ದಿನಕ್ಕೇ ಬೂದಿಯಾಯಿತು.
ಸುಟ್ಟಲ್ಲ. ಶಕ್ತಿನಗರದ ಚಿಮಣಿಯ ಹಾರುಬೂದಿ ಕೂತು.
ತೊಳೆದೆ, ಮತ್ತೆ ತೊಳೆದೆ, ಎಳೆ ಬಿಟ್ಟಿತು.
ಮೆಣಸಿನಕಾಯಿ ತೊಟ್ಟು ಮುರಿಯಲು ಹೊರಟಿದ್ದ ಲಾಲಮ್ಮ
ನಿಂತು ನೋಡಿದಳು.
"ಇಷ್ಟಕ್ಕ ಬೆಂಗಳೂರಿಗೆ ಫೋನ್ ಹಚ್ತೀಯೇನವ್ವ?"
ತಲೆಗೆ ಸುತ್ತಿದ್ದ ಹಳೇ ಧೋತರದ ತುಂಡನ್ನು
ಹಲ್ಲಿಂದ ಕಚ್ಚಿ, ಪರ್ರನೆ ಹರಿದು ಕೊಟ್ಟಳು.
ಆಮೇಲಿನ ಅಂಕಿಗಳೆಲ್ಲ ಆ ಧೋತರದವು.
ವರದಿಯ ಅಡಿಟಿಪ್ಪಣಿಯಲ್ಲಿ ಹೀಗಿದೆ:
ಬತ್ತಿ, ಸ್ಥಳೀಯ ಹತ್ತಿ.

ಸಂಜೆಗೆ ಜಂಬಣ್ಣ ಬರುತ್ತಾನೆ, ಸೈಕಲ್ಲು ಬೇವಿಗೆ ಒರಗಿಸಿ.
ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲ ವ್ಯಾಗನ್ನು ಮಗುಚಿದವನು;
ಉಗುರಿನ ಸಂದಿಯ ಕಪ್ಪು ಈಗ ಉಗುರಿನದೇ ಬಣ್ಣ.
ಬಿಸಿಲಿನ ಹಲಗೆ ಜೋಡಿಸುವ ತರಬೇತಿಗೆ ಅವನ ಹೆಸರು ಬಂದಿದೆ,
ಯಲಬುರ್ಗಾದ ಕಡೆ ಎಲ್ಲೋ, ಆರು ವಾರ.
"ಸಪ್ಪಳಿಲ್ಲದ ಕೆಲಸ ನಂಬೋದು ಹೆಂಗ ತಂಗಿ?
ಅಂಗಾಲಿಗೆ ಗುಂಯ್ ಅನ್ನದಿದ್ರ
ಕರೆಂಟ್ ಹುಟ್ಯಾದ ಅಂತ ಹೆಂಗ ತಿಳ್ಕೊಳ್ಳದು?"

ಅದಕ್ಕೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ.
ಅವನು ಅಲ್ಲಿಗೇ ಬಿಡಲೂ ಇಲ್ಲ.
"ಇದೊಂದ್ ಹೇಳು. ಆ ಚಿಮಣಿ ನಾಳೆನೇ ಆರಿಸಿದ್ರ
ನಿನ್ನ ಪಾದರಸ ಇಳೀತದೇನು?"

ಹೌದು ಅನ್ನುವುದು ಸುಲಭವಿತ್ತು.
ಇಳಿಯಲ್ಲ ಅಣ್ಣ, ಅಂದೆ.
ಇದೊಂದೇ ಅಲ್ಲ, ಎಲ್ಲ ದೇಶದವೂ ಆರಿದರೂ
ಏರುವುದು ನಿಲ್ಲುತ್ತದೆ, ಅಷ್ಟೇ.

ಬಹಳ ಹೊತ್ತು ಬೀಡಿ ಹಚ್ಚದೆ ಬೆರಳಲ್ಲೇ ಉರುಳಿಸಿದ.
"ಐವತ್ತೆಂಟು ಡಬ್ಬಿ ತುಂಬಿದ ರೇಕು
ಬ್ರೇಕ್ ಹಿಡಿದ ಮ್ಯಾಲೂ ಕಾಲು ಹರದಾರಿ ಬರ್ತದ.
ಬರ್ತದಂತ ಬ್ರೇಕ್ ಹಿಡೀದೆ ಕುಂದ್ರತಾರೇನು?
ಮುಂದ ಹಳಿ ಮ್ಯಾಲ ಯಾರ ನಿಂತಾರ, ಯಾರಿಗ್ ಗೊತ್ತು."

ಮೃಗಶಿರದ ಮೊದಲ ಹನಿ ನೆಲ ತೋಯಿಸಿತು, ತಂಪು ಮಾಡಲಿಲ್ಲ.
ಗಾಳಿ ಸತ್ತಿತ್ತು.
ಒಣದು ಮೂವತ್ತೇಳು, ಒದ್ದೆಯದು ಮೂವತ್ತೊಂದು.
ನಡುವೆ ಆರು.
ಪೆನ್ನು ಹಿಡಿದ ಕೈಯಿಂದ ಬೆವರು ಹಾಳೆಗೆ ಹರಿಯಿತೇ ಹೊರತು ಆರಲಿಲ್ಲ.
ಹತ್ತಿ ಬೀಜ ಊರುತ್ತಿದ್ದ ಲಾಲಮ್ಮ ಬದುವಿನ ಮೇಲೆ ಕೂತವಳು
ಏಳಲಿಲ್ಲ.

ಹೆಗಲು ಕೊಟ್ಟು ತಂದೆವು. ಶಾಲೆಯೊಳಗೆ ಬಂಡೆಗಳ ಮೇಲೆ ಮಲಗಿಸಿ
ಕೊಡ ಕೊಡ ನೀರು ಸುರಿದು ಫ್ಯಾನು ಹಾಕಿದೆವು.
ಗಿರಗಿರ ತಿರುಗಿತು,
ಜಂಬಣ್ಣ ಮಗುಚಿದ ಕಲ್ಲಿದ್ದಲಿನಿಂದಲೇ ತಿರುಗಿತು.
ಅದನ್ನು ಯಾವ ಅಂಕಣದಲ್ಲಿ ಬರೆಯಬೇಕೋ ಇನ್ನೂ ತಿಳಿದಿಲ್ಲ.
ಕಣ್ಣು ತೆರೆದವಳ ಮೊದಲ ಮಾತು:
"ಅರ್ಧ ದಿನದ ಕೂಲಿ ಹೋತು. ಅದನ್ನೂ ಬರ್ಕೋ."
ಬರೆದುಕೊಂಡೆ. ಮೂವತ್ತೇಳು, ಮೂವತ್ತೊಂದು, ಅರ್ಧ ಕೂಲಿ.

ನಿನ್ನೆ ರಾತ್ರಿ ಯಲಬುರ್ಗಾದಿಂದ ಫೋನು.
"ಸಪ್ಪಳ ಬರಲ್ಲ, ಖರೇ.
ಹಲಗಿ ಬೆನ್ನಿಗೆ ಕೈ ಇಟ್ಟೆ, ಚುರ್ ಅಂತು.
ಹಾಂ, ಅಂದೆ. ಇಲ್ಲೇನೋ ನಡೆದದ."
ಆಮೇಲೆ, ಸ್ವಲ್ಪ ತಡೆದು:
"ನಿದ್ದಿ ಮಾತ್ರ ಹತ್ತವಲ್ದು. ಭಾಳ ಸುಮ್ಮಗ ಅದ ಇಲ್ಲಿ."

ಮೂರು ಗಂಟೆಯಾಗುತ್ತಿದೆ.
ಡಬ್ಬಿ ಬತ್ತಿದೆ, ಲಾಲಮ್ಮನ ಧೋತರ ಗರಿಗರಿ,
ಎರಡು ಪಾದರಸವೂ ಒಂದೇ ಸುಳ್ಳು ಹೇಳುತ್ತಿವೆ.
ಎದ್ದು ನೀರು ಹಾಕಬೇಕು.