ಅರವತ್ತು ಮಿಲಿಮೀಟರ್

ಬರೀ ಸ್ಪ್ರಿಂಗಿನ ದುಡ್ಡು ಹಿಡಿದು ಬಂದಿದ್ದೀಯಲ್ಲ ತೌರಿಕ್,
ಉಂಗುರ ಕೊಂಡು ಮದುವೆ ಮುಗಿಯಿತು ಅನ್ನುವವರ ಹಾಗೆ.
ಕೂತುಕೋ. ಆ ಟೈರಿನ ಮೇಲೆ ಬೇಡ, ಅದು ಮಾರಿದ್ದು.
ಬಾಗಿಲು ಎಳೆದುಕೋ, ಆಗ್ನೇಯದ ಗಾಳಿ
ಆಥ್ಲೋನಿನ ಮರಳನ್ನೆಲ್ಲ ತಂದು
ನನ್ನ ಗಲ್ಲಾಪೆಟ್ಟಿಗೆಗೆ ಜಮಾ ಮಾಡುತ್ತಿದೆ.

ಅರವತ್ತು ಮಿಲಿಮೀಟರ್ ಅಂದೆ.
ನಾಲ್ಕು ಬೆರಳಿಗೂ ಕಮ್ಮಿ.
ಅಷ್ಟು ಇಳಿಯಲು ಒಳಗೆ ಎಷ್ಟು ಜನ
ಸರಿದು ಕೂರಬೇಕು ಗೊತ್ತಾ?

ಸ್ಪ್ರಿಂಗ್ ಗಿಡ್ಡವಾದರೆ ಹಳೆಯ ಶಾಕು
ಹಗಲೂ ರಾತ್ರಿ ಮೊಣಕಾಲು ಮಡಿಚಿಯೇ ಬದುಕಬೇಕು,
ವರ್ಷದೊಳಗೆ ಎಣ್ಣೆ ಕಾರುತ್ತದೆ.
ಜಾಕ್ ಕೊಟ್ಟು ಎತ್ತಿದೆಯೋ,
ಗೂಡಿನೊಳಗೆ ಸ್ಪ್ರಿಂಗು ಕಟಕಟ ಅನ್ನುತ್ತದೆ,
ಆರು ವರ್ಷದ ಮಗುವಿನ ಹಲ್ಲಿನ ಹಾಗೆ.
ಹಾಗಾಗಿ ಗಿಡ್ಡ ಶಾಕು, ನಾಲ್ಕು. ಬರೆದುಕೋ.

ಬಂಪ್‌ಸ್ಟಾಪು: ಇಗೋ ಈ ಹಳದಿ ಬೆಂಡು, ಬ್ರೆಡ್ಡಿನಷ್ಟು ಹಗುರ.
ಅರ್ಧ ಕೊಯ್ಯದಿದ್ದರೆ ಗಾಡಿ ಅದರ ಮೇಲೇ ಕೂತು
ಕ್ಲಿಪ್‌ಫಾಂಟೇನ್ ರಸ್ತೆಯ ಪ್ರತಿ ಗುಂಡಿಯನ್ನೂ
ನಿನ್ನ ಬೆನ್ನುಮೂಳೆಗೆ ಓದಿ ಹೇಳುತ್ತದೆ.
ಟಾಪ್ ಮೌಂಟು, ಹೇಗೂ ಬಿಚ್ಚಿದ ಮೇಲೆ ಹಳೆಯದನ್ನು ಯಾಕೆ ಹಾಕುವುದು.
ಕ್ಯಾಂಬರ್ ಬೋಲ್ಟು ಎರಡು:
ಇಳಿದ ಗಾಡಿಯ ಚಕ್ರ ತಲೆಯನ್ನು ಒಳಕ್ಕೆ ವಾಲಿಸುತ್ತದೆ,
ಟೈರಿನ ಒಳಅಂಚು ಸವೆದು ತಂತಿ ಕಾಣುವಾಗಲೂ
ಬೀದಿಯಲ್ಲಿ ನಿಂತವರಿಗೆ ಅದು ಹೊಸ ಟೈರೇ.
(ಅಂಥ ಸಂಸಾರಗಳನ್ನೂ ನೋಡಿದ್ದೇನೆ, ಬಿಡು.)

ನಗಬೇಡ. ನಿನ್ನ ಗೆಳೆಯ ಶಫೀಕ್
ಗ್ರೈಂಡರಿನಲ್ಲಿ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದ, ಪುಕ್ಕಟೆ.
ಈಗ ಮಸೀದಿ ಎದುರಿನ ಉಬ್ಬು ಹತ್ತುವಾಗ
ಒಳಗಿದ್ದ ಮುದುಕರೆಲ್ಲ ತಿರುಗಿ ನೋಡುತ್ತಾರೆ.

ನಮ್ಮಪ್ಪನ ಕಾಲದಲ್ಲಿ
ತಗ್ಗಿ ಬಗ್ಗಿ ನಡಿ ಅಂತ ಬೇರೆಯವರು ಹೇಳುತ್ತಿದ್ದರು,
ಬೆಂಚಿನ ಮೇಲೂ ಬೋರ್ಡು ಬರೆದು.
ನೀವೋ, ಸಂಬಳ ಸುರಿದು ತಗ್ಗುತ್ತೀರಿ,
ಕಿಟಕಿಯಿಂದ ಮೊಣಕೈ ಚಾಚಿ.
ಅದು ನನಗೆ ಇಷ್ಟವೇ. ಅಂಗಡಿ ನಡೆಯುವುದೇ ಅದರಿಂದ.

ಇನ್ನೊಂದು. ಇದು ಮಾರುವ ಸಾಮಾನಲ್ಲ,
ನಿನ್ನ ಗಾಡಿಯಲ್ಲಿ ಆಗಲೇ ಇದೆ.
ಹಿಂದಿನ ಆಕ್ಸಲಿನ ಹತ್ತಿರ ಒಂದು ಪುಟ್ಟ ವಾಲ್ವು,
ಅದಕ್ಕೊಂದು ಸಣಕಲು ಸ್ಪ್ರಿಂಗು.
ಗಾಡಿಯ ಬೆನ್ನು ಎಷ್ಟು ಕುಸಿದಿದೆ ನೋಡಿ
ಹಿಂದಿನ ಸೀಟಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಅದು ಊಹಿಸುತ್ತದೆ,
ಅಷ್ಟಕ್ಕೆ ತಕ್ಕಂತೆ ಹಿಂಚಕ್ರಕ್ಕೆ ಬ್ರೇಕು ಹಂಚುತ್ತದೆ.
ನೀನು ಗಾಡಿ ಇಳಿಸಿದೆಯೋ,
ಅದರ ಲೆಕ್ಕದಲ್ಲಿ ಮನೆಮಂದಿಯೆಲ್ಲ ಹತ್ತಿ ಕೂತ ಹಾಗೇ, ಯಾವಾಗಲೂ.
ಜುಲೈ ಮಳೆಯ ರಸ್ತೆಯಲ್ಲಿ ಗಕ್ಕನೆ ಬ್ರೇಕು ಒತ್ತಿದರೆ
ಖಾಲಿ ಹಿಂಬದಿ ಗಿರ್ರನೆ ಮುಂದಕ್ಕೆ ಬರುತ್ತದೆ.
ಅದಕ್ಕೇ ಸಡಿಲಿಸಬೇಕು. ಹದಿಮೂರರ ಸ್ಪ್ಯಾನರ್ ಸಾಕು.
ಹಿಂದೆ ಯಾರೂ ಇಲ್ಲ ಅಂತ ಅದಕ್ಕೆ ತಿಳಿಹೇಳಬೇಕು.

ಆ ಕೆಂಪು ಗಾಲ್ಫು ನಿನ್ನ ಅಜ್ಜ ಗಸಾಂತರದ್ದು.
ಈಸ್ಟರಿಗೆ ಸ್ಟ್ರಾಂಡ್‌ಫಾಂಟೇನ್ ಕಡಲಿಗೆ ಹೊರಟರೆ
ಮುಂದೆ ಇಬ್ಬರು, ಹಿಂದೆ ಆರು,
ಬೂಟಿನಲ್ಲಿ ಡೇರೆ, ಪ್ರೈಮಸ್ ಒಲೆ,
ನಿನ್ನ ಅಜ್ಜಿಯ ತೊಡೆಯ ಮೇಲೆ ಬಿರಿಯಾನಿಯ ಹಂಡೆ,
ಹಂಡೆಗೆ ಕಂಬಳಿ.
ನಮ್ಮ ಗೇಟಿನಿಂದ ನೋಡುತ್ತಿದ್ದೆ. ಹಿಂಚಕ್ರದ ಅರ್ಧ ಒಳಗೆ ಹೋಗಿ
ಗಾಡಿ ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತಿತ್ತು.
ಅರವತ್ತೇ ಇರಬೇಕು. ಹೆಚ್ಚೂ ಇರಬಹುದು.
ಒಂದು ಸಾಮಾನೂ ಕೊಂಡಿರಲಿಲ್ಲ ಅವರು.

ಆಮೇಲೆ ಇಬ್ಬರು ಪರ್ತ್‌ಗೆ, ಒಬ್ಬ ಜೋಬರ್ಗಿಗೆ,
ಗಸಾಂತ್ ಖಬರಸ್ಥಾನಕ್ಕೆ.
ಗಾಡಿ ಒಂದೊಂದೇ ಬೆರಳು ಮೇಲೆದ್ದಿತು.

ಅಯ್ಯೋ, ಮಾತಾಡುತ್ತಾ ಕೂತೆ.
ಬಿಲ್ಲು ಹಾಕಲೇ? ಶಾಕಿನ ದುಡ್ಡು ಎರಡು ಕಂತಿನಲ್ಲಿ ಕೊಡು,
ಆ ಹಳದಿ ಬೆಂಡುಗಳಿಗೆ ಏನೂ ಬೇಡ.
ಶನಿವಾರ ಎಂಟಕ್ಕೆ ಬಾ, ರಿಫಾತ್ ಗುಂಡಿಗಿಳಿಯುವ ಮುಂಚೆ.
ಬರುವಾಗ ಬೂಟಿನಲ್ಲಿರುವ ಅಜ್ಜಿಯ ಮಡಚುಕುರ್ಚಿ
ಮನೆಯಲ್ಲಿ ಇಳಿಸಿ ಬಾ.
ಅಳತೆ ತೆಗೆಯುವಾಗ
ಗಾಡಿ ಖಾಲಿ ಇರಬೇಕು.